ಇಲಿ ಬಿದ್ದ ಊರುಗಳು: ಬೆಂಗಳೂರಿನ ಪ್ಲೇಗು ಮತ್ತು ನಾಲ್ಕು ವಿದ್ಯಾಶಾಖೆಗಳ ಶೋಧ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗನ್ನು ನಗರ ಚರಿತ್ರೆಕಾರರು ಬಡಾವಣೆಗಳ ಹುಟ್ಟಿಗೆ ಕಾರಣವಾದ ಘಟನೆಯಾಗಿಯೂ, ವೈದ್ಯರು ಜ್ವರ ಮತ್ತು ಗಡ್ಡೆಗಳ ರೋಗವಾಗಿಯೂ, ಜೀವವಿಜ್ಞಾನಿಗಳು ಇಲಿ, ಚಿಗಟ, ಬ್ಯಾಕ್ಟೀರಿಯಾಗಳ ನಡುವಿನ ಸಂಬಂಧವಾಗಿಯೂ, ಕನ್ನಡ ಕಾದಂಬರಿಕಾರರು ಮನೆಮನೆಯ ಸಾವಾಗಿಯೂ ಕಂಡಿದ್ದಾರೆ. ನಾಲ್ಕು ಕಡೆಯ ಕೆಲಸವೂ ಮೌಲಿಕವಾದದ್ದೇ. ಆದರೆ ಒಂದು ಶಾಖೆಯವರು ಇನ್ನೊಂದು ಶಾಖೆಯ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಉದಾಹರಣೆಗಳು ವಿರಳ. ಹಾಗೆ ಓದಿದಾಗ ಮಾತ್ರ ಕೆಲವು ರೂಢಿಯ ನಂಬಿಕೆಗಳು ಸಡಿಲಗೊಂಡು, ಬಗೆಹರಿಯದೆ ಉಳಿದಿದ್ದ ಕೆಲವು ಪ್ರಶ್ನೆಗಳಿಗೆ ಉತ್ತರ ಹೊಳೆಯುತ್ತದೆ. ಈ ನಾಲ್ಕೂ ಶೋಧಗಳನ್ನು ಒಟ್ಟಿಗೆ ಪರಿಶೀಲಿಸಿ, ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತಹ, ಆಗ ಹಳ್ಳಿಗಳಾಗಿದ್ದು ಈಗ ಬೆಂಗಳೂರಿನ ಪಶ್ಚಿಮ ಅಂಚಾಗಿರುವ ಊರುಗಳ ಮಟ್ಟಿಗೆ ಇನ್ನೂ ಆಗಬೇಕಾದ ಕೆಲಸವೇನು ಎಂಬುದನ್ನು ಗುರುತಿಸುವುದು ಈ ಸಮೀಕ್ಷೆಯ ಉದ್ದೇಶ.

ರೋಗ ಬಂದ ದಾರಿಯ ಬಗ್ಗೆ ಹೆಚ್ಚಿನ ವಿವಾದವಿಲ್ಲ. 1894ರಲ್ಲಿ ಹಾಂಗ್‌ಕಾಂಗನ್ನು ಕಾಡಿದ ಪ್ಲೇಗು ಹಡಗುಗಳ ಮೂಲಕ 1896ರಲ್ಲಿ ಬೊಂಬಾಯಿಗೆ ಬಂದು, ಅಲ್ಲಿಂದ ರೈಲು ಮಾರ್ಗಗಳನ್ನು ಹಿಡಿದು ಪುಣೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಹರಡಿತು. ಬೆಂಗಳೂರಿನ ಮೊದಲ ರೋಗಿಯೆಂದು ದಾಖಲಾದವನು ಹುಬ್ಬಳ್ಳಿಯ ಕಡೆಯಿಂದ ಬಂದ, ರೈಲ್ವೆ ಅಧಿಕಾರಿಯೊಬ್ಬರ ಮನೆಯ ಬಟ್ಲರ. ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ ಮಾರ್ಗವು ಹರಿಹರ, ಅರಸೀಕೆರೆ, ತುಮಕೂರುಗಳನ್ನು ದಾಟಿ, ಯಶವಂತಪುರದ ಮೂಲಕ, ಪೇಟೆಯ ಪಶ್ಚಿಮಕ್ಕಿದ್ದ ಸಿಟಿ ನಿಲ್ದಾಣವನ್ನು ಸೇರುತ್ತಿತ್ತು. ಮಾಗಡಿ ರಸ್ತೆ ಹೊರಡುವುದೂ ಇದೇ ಸುತ್ತಿನಿಂದ. ಅಕ್ಕಿಪೇಟೆ, ಕಾಟನ್‌ಪೇಟೆಗಳೂ, 1884ರಿಂದ ನಡೆಯುತ್ತಿದ್ದ ಬಟ್ಟೆ ಗಿರಣಿಯೂ ಇಲ್ಲಿಯೇ ಇದ್ದವು. ಹೀಗಾಗಿ ಪ್ಲೇಗಿನ ಚರಿತ್ರೆಯಲ್ಲಿ ಪಶ್ಚಿಮ ಬೆಂಗಳೂರು ಅಂಚಿನ ಪ್ರದೇಶವಲ್ಲ, ರೋಗ ಒಳಬಂದ ಬಾಗಿಲೇ ಅದು. ಮಲ್ಲೇಶ್ವರ, ಬಸವನಗುಡಿಗಳ ಸುತ್ತಲೇ ಬೆಳೆದ ಪ್ಲೇಗಿನ ಕಥನವು ಈ ಅಂಶಕ್ಕೆ ಸಲ್ಲಬೇಕಾದ ತೂಕವನ್ನು ಕೊಟ್ಟಿಲ್ಲ.

ಆ ಕಥನದಲ್ಲಿ ತಿದ್ದಬೇಕಾದ ಅಂಶಗಳು ಇನ್ನೂ ಕೆಲವಿವೆ. ಪ್ಲೇಗು ಬಂದದ್ದರಿಂದ ಮಲ್ಲೇಶ್ವರ, ಬಸವನಗುಡಿಗಳು ಹುಟ್ಟಿದವು, ಪ್ಲೇಗು ಬಂದದ್ದರಿಂದ ವಿಕ್ಟೋರಿಯಾ ಆಸ್ಪತ್ರೆ ಕಟ್ಟಲಾಯಿತು ಎಂಬ ಮಾತುಗಳು ಪತ್ರಿಕೆಗಳ ಲೇಖನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತಾರೀಖುಗಳನ್ನು ಜೋಡಿಸಿ ನೋಡಿದರೆ ಈ ಕಾರ್ಯಕಾರಣ ಸಂಬಂಧ ಅಷ್ಟು ಸರಳವಾಗಿ ನಿಲ್ಲುವುದಿಲ್ಲ. ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರ ಹಾಕಿದ್ದು ಇಂಗ್ಲೆಂಡಿನ ರಾಣಿಯ ಆಳ್ವಿಕೆಯ ವಜ್ರ ಮಹೋತ್ಸವದ ವರ್ಷವಾದ 1897ರಲ್ಲಿ, ಅಂದರೆ ಬೆಂಗಳೂರಿನಲ್ಲಿ ಮೊದಲ ಪ್ಲೇಗು ರೋಗಿ ಕಾಣಿಸಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದಾಗ ನಡುವೆ ಪ್ಲೇಗು ಬಂದು ಹೋಗಿದ್ದುದರಿಂದ ಜನರ ನೆನಪಿನಲ್ಲಿ ಎರಡೂ ಒಂದಾಗಿ ಬೆಸೆದುಕೊಂಡವು. ಪೇಟೆಯ ಇಕ್ಕಟ್ಟನ್ನು ತಗ್ಗಿಸಲು ಹೊಸ ಬಡಾವಣೆಗಳನ್ನು ರಚಿಸುವ ಆಲೋಚನೆಯೂ ಹಳೆಯದೇ. 1892ರ ಚಾಮರಾಜಪೇಟೆ ಅದಕ್ಕೆ ಸಾಕ್ಷಿಯಾಗಿದ್ದು, ಮಲ್ಲೇಶ್ವರ, ಬಸವನಗುಡಿಗಳ ಯೋಜನೆಗಳೂ ಪ್ಲೇಗಿಗಿಂತ ಮೊದಲೇ ಸಿದ್ಧವಾಗತೊಡಗಿದ್ದವು. ಪ್ಲೇಗು ಮಾಡಿದ್ದೆಂದರೆ, ಕಾಗದದ ಮೇಲೆ ನಿಧಾನವಾಗಿ ಸಾಗುತ್ತಿದ್ದ ಕೆಲಸಕ್ಕೆ ತುರ್ತನ್ನು ತಂದುಕೊಟ್ಟು, ಪೇಟೆಯನ್ನು ಬಿಟ್ಟು ಬರಲು ಒಪ್ಪದಿದ್ದ ಕುಟುಂಬಗಳನ್ನು ಒಪ್ಪಿಸಿದ್ದು. ಪ್ಲೇಗಿಗಾಗಿಯೇ ರೂಪುಗೊಂಡ ಬಡಾವಣೆ ಯಾವುದೆಂದು ಕೇಳಿದರೆ, 1906ರಲ್ಲಿ ಆರಂಭವಾಗಿ 1910ರಲ್ಲಿ ಹೆಸರು ಪಡೆದ, ದಂಡುಪ್ರದೇಶದ ಫ್ರೇಜರ್ ಟೌನನ್ನು ತೋರಿಸುವುದು ಹೆಚ್ಚು ಸರಿ. ಇಲಿಗಳಿಗೆ ಆಸ್ಪದ ಕೊಡದ ಮನೆಗಳನ್ನು ಕಟ್ಟಬೇಕೆಂಬ ಸಂಕಲ್ಪ ಅಲ್ಲಿ ಯೋಜನೆಯ ಭಾಗವೇ ಆಗಿತ್ತು. ಮಲ್ಲೇಶ್ವರದಂತಹ ಹೊಸ ಬಡಾವಣೆಯಲ್ಲಿ ಅಗಲವಾದ ರಸ್ತೆಗಳೂ, ಮನೆಗಳ ಹಿಂದೆ ಕಕ್ಕಸಿನ ಮಲ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಓಣಿಗಳೂ ಬಂದವು. ಆದರೆ ಅಲ್ಲಿನ ನಿವೇಶನಗಳನ್ನು ಜಾತಿ, ಮತಗಳ ಆಧಾರದ ಮೇಲೆ ವಿಂಗಡಿಸಲಾಯಿತೆಂಬುದನ್ನೂ ಇದರ ಜೊತೆಯಲ್ಲೇ ನೆನೆಯಬೇಕು.

ಸಂಖ್ಯೆಗಳನ್ನೂ ಇಷ್ಟೇ ಎಚ್ಚರದಿಂದ ಓದಬೇಕಾಗಿದೆ. 1891ರಲ್ಲಿ ಮೈಸೂರು ಸರ್ಕಾರದ ಅಧೀನದ ಬೆಂಗಳೂರು ನಗರದಲ್ಲಿ 80,285, ಬ್ರಿಟಿಷರ ಆಡಳಿತದ ದಂಡುಪ್ರದೇಶದಲ್ಲಿ 1,00,081, ಒಟ್ಟು 1,80,366 ಜನರಿದ್ದರು. 1901ರ ಮಾರ್ಚ್ 1ರ ಗಣತಿಯಲ್ಲಿ ನಗರದಲ್ಲಿ 69,447, ದಂಡಿನಲ್ಲಿ 89,599, ಒಟ್ಟು 1,59,046 ಜನ ಲೆಕ್ಕಕ್ಕೆ ಸಿಕ್ಕರು. ಹತ್ತು ವರ್ಷಗಳಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚಿನ ಈ ಇಳಿಕೆಯನ್ನು ಪ್ಲೇಗಿನ ಸಾವುಗಳೆಂದೇ ಎಣಿಸಿಬಿಡುವ ರೂಢಿಯಿದೆ. ಆದರೆ ಗಣತಿಯು ಆ ರಾತ್ರಿ ಯಾರು ಎಲ್ಲಿದ್ದರೋ ಅಲ್ಲಿಯೇ ಅವರನ್ನು ಎಣಿಸುವ ಪದ್ಧತಿಯದು. ನಗರವನ್ನು ತೊರೆದು ಹಳ್ಳಿಗಳಿಗೆ, ನೆಂಟರ ಮನೆಗಳಿಗೆ, ಹೊಲಗಳಲ್ಲಿ ಹಾಕಿಕೊಂಡ ಗುಡಿಸಲುಗಳಿಗೆ ಹೋದವರು ಅಲ್ಲಿಯ ಲೆಕ್ಕಕ್ಕೆ ಸೇರಿದರು. ನಗರದ ಇಳಿಕೆಯಲ್ಲಿ ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದು ನಗರದ ಅಂಕಿಗಳಿಂದ ಮಾತ್ರ ತಿಳಿಯುವುದಿಲ್ಲ. ಸುತ್ತಲಿನ ಗ್ರಾಮಗಳ ಲೆಕ್ಕವನ್ನು ಅದರ ಎದುರಿಗಿಟ್ಟು ನೋಡಬೇಕು.

ನಗರ ಚರಿತ್ರೆ ಇಲ್ಲಿಗೆ ಬಂದು ನಿಂತಾಗ ಜೀವಶಾಸ್ತ್ರದ ನೆರವು ಅನಿವಾರ್ಯವಾಗುತ್ತದೆ. 1894ರಲ್ಲಿ ಅಲೆಕ್ಸಾಂಡರ್ ಯರ್ಸಿನ್ ಹಾಂಗ್‌ಕಾಂಗಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಇಂದು ಅದರ ಹೆಸರು ಯರ್ಸಿನಿಯಾ ಪೆಸ್ಟಿಸ್. ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕವೆಂದು ಪಾಲ್ ಲೂಯಿ ಸಿಮಾಂಡ್ 1898ರ ಜೂನ್‌ನಲ್ಲಿ, ಬೆಂಗಳೂರಿಗೆ ರೋಗ ಬರುವ ಎರಡು ತಿಂಗಳು ಮೊದಲು, ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರೂ, ಆ ಕಾಲದ ವೈದ್ಯಲೋಕ ಅದನ್ನು ಒಪ್ಪಲಿಲ್ಲ. 1905ರ ನಂತರ ಬೊಂಬಾಯಿಯಲ್ಲಿ ನಡೆದ ವ್ಯವಸ್ಥಿತ ಪ್ರಯೋಗಗಳು ಸಿಮಾಂಡರ ಮಾತನ್ನು ಸ್ಥಿರಪಡಿಸಿದವು. 1914ರಲ್ಲಿ ಬ್ಯಾಕಾಟ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಇದರ ಒಳಗುಟ್ಟನ್ನು ಬಿಡಿಸಿದರು: ರೋಗದ ಇಲಿಯ ರಕ್ತ ಹೀರಿದ ಚಿಗಟದ ಜಠರದ ಬಾಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಗಟ್ಟಿಯಾಗಿ ದಾರಿ ಮುಚ್ಚುತ್ತವೆ, ಹೀರಿದ ರಕ್ತ ಹೊಟ್ಟೆಗಿಳಿಯದೆ ಹಸಿವಿನಿಂದ ಕಂಗೆಟ್ಟ ಚಿಗಟ ಮೇಲಿಂದ ಮೇಲೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ತಡೆದುನಿಂತ ರಕ್ತ ಬ್ಯಾಕ್ಟೀರಿಯಾಗಳೊಂದಿಗೆ ಗಾಯದೊಳಕ್ಕೆ ವಾಪಸು ಹರಿಯುತ್ತದೆ. ಮನೆಯ ಇಲಿಗಳೆಲ್ಲ ಸತ್ತಾದ ಮೇಲೆ, ಬೇರೆ ಆಶ್ರಯವಿಲ್ಲದೆ, ಇಂತಹ ಚಿಗಟಗಳು ಮನುಷ್ಯರ ಮೇಲೆ ಬೀಳುತ್ತವೆ. ಇಲಿ ಬಿತ್ತೆಂದರೆ ಊರು ಬಿಡಬೇಕೆಂದು ಹಳ್ಳಿಯ ಜನ ಕಂಡುಕೊಂಡಿದ್ದ ನಿಯಮ ಈ ಸರಪಣಿಗೆ ಪೂರ್ತಿಯಾಗಿ ಹೊಂದುತ್ತದೆ.

ಬೆಂಗಳೂರಿನ ಮಟ್ಟಿಗೆ ಜೀವಶಾಸ್ತ್ರ ಕೊಡುವ ಅತ್ಯಂತ ಫಲವತ್ತಾದ ಸುಳಿವು ಇನ್ನೊಂದಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ವರ್ಷ ವರ್ಷವೂ ಮರುಕಳಿಸಿದ ಪ್ಲೇಗು, ಇವೆಲ್ಲಕ್ಕಿಂತ ದೊಡ್ಡದಾಗಿದ್ದು, ಬಂದರು ಮತ್ತು ರೈಲುಗಳೆರಡನ್ನೂ ಹೊಂದಿದ್ದ ಮದ್ರಾಸಿನಲ್ಲಿ ಬೇರೂರಲಿಲ್ಲ. ಇದರ ಕಾರಣ ಚಿಗಟದ ಜಾತಿಯಲ್ಲಿಯೇ ಇರಬಹುದೆಂಬುದು ಮುಂದಿನ ದಶಕಗಳ ಶೋಧಗಳಿಂದ, ಮುಖ್ಯವಾಗಿ ಕೊಲಂಬೋದಲ್ಲಿ ಕೆಲಸ ಮಾಡಿದ ಫೇಬಿಯನ್ ಹರ್ಸ್ಟ್ ಅವರ ಅಧ್ಯಯನದಿಂದ, ತಿಳಿದುಬಂತು. ಪ್ಲೇಗನ್ನು ಸಮರ್ಥವಾಗಿ ಹರಡುವ ಕ್ಸೆನಾಪ್ಸಿಲ್ಲಾ ಕಿಯಾಪಿಸ್ ಎಂಬ ಚಿಗಟ ದಖ್ಖನ್ ಮತ್ತು ಮೈಸೂರು ಪ್ರಸ್ಥಭೂಮಿಯ ತಂಪು ಹವೆಯಲ್ಲಿ ಚೆನ್ನಾಗಿ ಬದುಕುತ್ತಿತ್ತು. ಮದ್ರಾಸಿನ ಇಲಿಗಳ ಮೈಮೇಲೆ ಹೆಚ್ಚಾಗಿದ್ದುದು ಅದರ ದಾಯಾದಿಯಾದ, ರೋಗ ಹರಡುವುದರಲ್ಲಿ ದುರ್ಬಲವಾದ ಆಸ್ಟಿಯಾ ಎಂಬ ಜಾತಿ. ಈ ಕಿಯಾಪಿಸ್ ಚಿಗಟ ಒಂದೂರಿನಿಂದ ಇನ್ನೊಂದೂರಿಗೆ ಧಾನ್ಯದ ಮೂಟೆ, ಹತ್ತಿಯ ಅಂಡಿಗೆಗಳ ಜೊತೆ ಸಾಗುತ್ತಿತ್ತು. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೆಪೇಟೆಗಳ ಊರಾದ ಬೆಂಗಳೂರು ಈ ಚಿಗಟಕ್ಕೆ ಎಷ್ಟು ಅನುಕೂಲವಾದ ನೆಲೆಯಾಗಿತ್ತೆಂಬುದು ಅದರ ಬೀದಿಗಳ ಹೆಸರುಗಳಿಂದಲೇ ತಿಳಿಯುತ್ತದೆ. ಕಿಟಕಿಯಿಲ್ಲದ ಮಣ್ಣುಗೋಡೆಯ ಮನೆ, ನಾಡಹೆಂಚಿನ ಸೂರು, ನಡುಮನೆಯಲ್ಲಿ ಧಾನ್ಯದ ವಾಡೆ, ಅಟ್ಟದ ಮೇಲೆ ಕಾಳುಕಡಿ, ಅಂಗಳದಲ್ಲಿ ರಾಗಿ ತುಂಬಿದ ಹಗೇವು, ಇವುಗಳ ನಡುವೆ ಮನೆಯಿಲಿಯೂ ಮನುಷ್ಯನೂ ಒಂದೇ ಸೂರಿನ ಕೆಳಗೆ ಬಾಳುತ್ತಿದ್ದ ವ್ಯವಸ್ಥೆ ಅದು. ಪೇಟೆಯ ವ್ಯಾಪಾರದ ಚರಿತ್ರೆ ಬರೆದವರು ಚಿಗಟದ ಬಗ್ಗೆಯೂ, ಚಿಗಟದ ಬಗ್ಗೆ ಬರೆದವರು ರಾಗಿಪೇಟೆಯ ಬಗ್ಗೆಯೂ ತಿಳಿದುಕೊಂಡು ಕೂಡಿ ಕೆಲಸ ಮಾಡಿದ್ದರೆ, ಯಾವ ಮಂಡಿಯಿಂದ ಯಾವ ಹಳ್ಳಿಗೆ ಯಾವ ತಿಂಗಳು ರೋಗ ಹೋಯಿತೆಂಬ ನಕ್ಷೆಯನ್ನೇ ಬರೆಯಬಹುದಾಗಿತ್ತು. ಈಗಲೂ ಅದು ಅಸಾಧ್ಯವಲ್ಲ.

ಬ್ಯಾಕ್ಟೀರಿಯಾದ ವಂಶಾವಳಿಯ ಬಗ್ಗೆ ಕಳೆದ ಎರಡು ದಶಕಗಳಲ್ಲಿ ನಡೆದ ಡಿಎನ್‌ಎ ಸಂಶೋಧನೆ, ಹದಿನಾಲ್ಕನೆಯ ಶತಮಾನದಲ್ಲಿ ಯುರೋಪನ್ನು ಕಾಡಿದ ಮಹಾಮಾರಿಗೂ ಇದೇ ಯರ್ಸಿನಿಯಾ ಕಾರಣವೆಂದು ಲಂಡನ್ನಿನ ಸಮಾಧಿಗಳ ಹಲ್ಲು, ಮೂಳೆಗಳಿಂದ 2011ರಲ್ಲಿ ದೃಢಪಡಿಸಿತು. ಕರ್ನಾಟಕಕ್ಕೆ ಇದಕ್ಕಿಂತ ಹತ್ತಿರದ ಪ್ರಶ್ನೆ, ರೋಗ ಎಲ್ಲಿ ಅಡಗಿದೆಯೆಂಬುದು. ಭಾರತದಲ್ಲಿ ಬಹುಕಾಲ ಕೊನೆಯದೆಂದು ಎಣಿಸಲಾಗಿದ್ದ ಪ್ಲೇಗು ಪ್ರಕರಣ 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನಿಂದ ವರದಿಯಾದದ್ದು. 1994ರಲ್ಲಿ ಬೀಡ್ ಮತ್ತು ಸೂರತ್‌ಗಳಲ್ಲಿ ರೋಗ ಮತ್ತೆ ಸುದ್ದಿಯಾಯಿತು. ಮುಳಬಾಗಿಲಿನ ಸುತ್ತಿನ, ಕರ್ನಾಟಕ, ಆಂಧ್ರ, ತಮಿಳುನಾಡುಗಳು ಕೂಡುವ ಗಡಿ ಸೀಮೆಯಲ್ಲಿ, ಹೊಲಗಳ ಬಿಲಗಳಲ್ಲಿ ಬಾಳುವ ಜರ್ಬಿಲ್ ಎಂಬ ಕಾಡಿಲಿಗಳಲ್ಲಿ ಬ್ಯಾಕ್ಟೀರಿಯಾ ಉಳಿದಿರುವ ಸಾಧ್ಯತೆಯಿರುವುದರಿಂದ, ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲೇಗು ಕಣ್ಗಾವಲು ಘಟಕ ಅಲ್ಲಿನ ಇಲಿಗಳನ್ನು ಪರೀಕ್ಷಿಸುವ ಕೆಲಸವನ್ನು ಮಾಡುತ್ತ ಬಂದಿದೆ.

ವೈದ್ಯಕೀಯ ಚರಿತ್ರೆಯ ಬರಹಗಳಲ್ಲಿ ಮುಖ್ಯ ಸ್ಥಾನ ಪಡೆದಿರುವುದು ಲಸಿಕೆ ಮತ್ತು ಬಲಾತ್ಕಾರ. ವಾಲ್ಡೆಮರ್ ಹಾಫ್‌ಕಿನ್ ಬೊಂಬಾಯಿಯಲ್ಲಿ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು, ಅನಂತರ ಬೈಕಲಾ ಜೈಲಿನ ಕೈದಿಗಳ ಮೇಲೆ ಪ್ರಯೋಗಿಸಿದರು. ಕೈದಿಗಳ ಒಪ್ಪಿಗೆಗೆ ಎಷ್ಟು ಬೆಲೆಯಿತ್ತು ಎಂಬ ಪ್ರಶ್ನೆಯನ್ನು ಇಂದಿನ ವೈದ್ಯನೀತಿ ಕೇಳದೆ ಬಿಡಲಾರದು. ಅತಿ ದೊಡ್ಡ ಪರೀಕ್ಷೆ ನಡೆದದ್ದು ಕನ್ನಡನಾಡಿನಲ್ಲಿಯೇ: 1898ರಲ್ಲಿ ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆಯನ್ನು ಚುಚ್ಚಿಸಿಕೊಂಡರು. ಆ ವರ್ಷಗಳಲ್ಲಿಯೇ, 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಬ್ರಿಟಿಷ್ ಸೀಮೆಯಲ್ಲಿ ನಡೆದ ಮನೆಶೋಧ, ರೋಗಿಗಳನ್ನು ಎಳೆದೊಯ್ಯುವುದು, ಹೆಂಗಸರ ಮೈಪರೀಕ್ಷೆಗಳು ಪುಣೆಯಲ್ಲಿ ಅಧಿಕಾರಿಯ ಕೊಲೆಗೆ ಕಾರಣವಾದವು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರರನ್ನಾಗಿ ನೇಮಿಸಿ ಕಟ್ಟುನಿಟ್ಟಿನ ಕ್ರಮಗಳನ್ನು ಕೈಗೊಂಡಾಗ, ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರಲ್ಲಿಯೇ ಜನ ದಂಗೆಯೆದ್ದರು. ಡೇವಿಡ್ ಆರ್ನಾಲ್ಡರ 1993ರ ಗ್ರಂಥ ವಸಾಹತು ಆಡಳಿತವು ಭಾರತೀಯರ ದೇಹದ ಮೇಲೆ ಅಧಿಕಾರ ಸ್ಥಾಪಿಸಿದ ಬಗೆಯನ್ನು ಪ್ಲೇಗಿನ ಉದಾಹರಣೆಯಿಂದ ವಿವರಿಸಿದ ಮೇಲೆ, ಈ ಕ್ಷೇತ್ರದ ಬರಹಗಳು ಬಹುಪಾಲು ಬೊಂಬಾಯಿ, ಪುಣೆಗಳ ಸುತ್ತ ಸುತ್ತಿವೆ. ದೇಶೀ ಸಂಸ್ಥಾನವೊಂದರ ಆಡಳಿತ ಇದೇ ಕೆಲಸವನ್ನು ಮಾಡಿದಾಗ ಏನಾಯಿತೆಂಬ ಪ್ರಶ್ನೆಗೆ ಅಷ್ಟು ವಿಸ್ತಾರವಾದ ಉತ್ತರ ದೊರೆತಿಲ್ಲ.

ಈ ಸಂದರ್ಭದಲ್ಲಿ ಡಾ. ಪಿ. ಪಲ್ಪು ಅವರ ಹೆಸರನ್ನು ವಿಶೇಷವಾಗಿ ಹೇಳಬೇಕು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸರ್ಕಾರ ಕೆಲಸ ನಿರಾಕರಿಸಿದ್ದ ಈ ವೈದ್ಯರು ಮೈಸೂರು ಸರ್ಕಾರದ ಸೇವೆಗೆ ಸೇರಿ, ಪ್ಲೇಗಿನ ಕಾಲದಲ್ಲಿ ಬೆಂಗಳೂರಿನ ರೋಗಿಗಳ ಶಿಬಿರದ ಹೊಣೆ ಹೊತ್ತರು. ಅವರ ಆಶ್ರಯದಲ್ಲಿದ್ದು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ತರುಣನೊಬ್ಬ ಪ್ಲೇಗು ಬಂದ ವರ್ಷದಲ್ಲಿಯೇ ಬೆಂಗಳೂರನ್ನು ಬಿಟ್ಟು ಮದ್ರಾಸಿನ ಮೂಲಕ ಕಲ್ಕತ್ತೆಗೆ ತೆರಳಿದನು. ಮುಂದೆ ಮಲಯಾಳದ ಮಹಾಕವಿಯೆನಿಸಿದ ಕುಮಾರನ್ ಆಶಾನ್ ಅವರೇ ಆ ತರುಣ. ಜಾತಿಯ ಚರಿತ್ರೆ, ವೈದ್ಯದ ಚರಿತ್ರೆ, ಸಾಹಿತ್ಯದ ಚರಿತ್ರೆಗಳು ಬೆಂಗಳೂರಿನ ಒಂದೇ ಮನೆಯಲ್ಲಿ ಕೂಡಿದ್ದ ಈ ಪ್ರಸಂಗ ಕನ್ನಡದಲ್ಲಿ ಇನ್ನೂ ವಿವರವಾದ ಅಧ್ಯಯನಕ್ಕೆ ಅರ್ಹವಾಗಿದೆ.

ಊರು ಬಿಡುವ ಪದ್ಧತಿಯ ವಿಷಯದಲ್ಲಿ ವೈದ್ಯಕೀಯವು ಜನರಿಂದಲೇ ಕಲಿಯಿತೆಂದು ಹೇಳುವುದು ಉತ್ಪ್ರೇಕ್ಷೆಯಲ್ಲ. ಗಢವಾಲ, ಕುಮಾಊಂ ಬೆಟ್ಟಗಳ ಹಳ್ಳಿಗರು ಈ ಮಹಾಮಾರಿಗಿಂತ ಎಷ್ಟೋ ಮೊದಲೇ ಇಲಿ ಸತ್ತ ಕೂಡಲೇ ಊರು ಖಾಲಿ ಮಾಡುತ್ತಿದ್ದರು. ಆರಂಭದ ವರ್ಷಗಳಲ್ಲಿ ರೋಗಿಗಳನ್ನು ಹುಡುಕಿ ಹಿಡಿಯುವುದಕ್ಕೆ ಶಕ್ತಿ ವ್ಯಯಿಸಿದ ಸರ್ಕಾರಗಳು, ಕ್ರಮೇಣ, ಜನ ತಾವಾಗಿಯೇ ಹೊರಗೆ ಗುಡಿಸಲು ಹಾಕಿಕೊಳ್ಳುವುದಕ್ಕೆ ನೆರವಾಗುವ ನೀತಿಗೆ ತಿರುಗಿದವು. ಹಳ್ಳಿಗರು ರೋಗಕ್ಕೆ ಮಾರಿಯ ಮುನಿಸನ್ನು ಕಾರಣವೆಂದರು, ಅಧಿಕಾರಿಗಳು ಹೊಲಸು ಗಾಳಿಯನ್ನು ದೂರಿದರು. ಇಬ್ಬರ ವಿವರಣೆಯೂ ತಪ್ಪಾಗಿದ್ದರೂ ಹಳ್ಳಿಗರ ಕ್ರಮ ಮಾತ್ರ ಸರಿಯಾಗಿತ್ತು, ಏಕೆಂದರೆ ಚಿಗಟಗಳು ಮನೆಯಲ್ಲಿಯೇ ಉಳಿದು ಮನುಷ್ಯರು ಅವುಗಳಿಂದ ದೂರವಾಗುತ್ತಿದ್ದರು.

ಕನ್ನಡ ಸಾಹಿತ್ಯದಲ್ಲಿ ಪ್ಲೇಗಿನ ಅತ್ಯಂತ ಪ್ರಸಿದ್ಧ ಚಿತ್ರಣ ಯು. ಆರ್. ಅನಂತಮೂರ್ತಿಯವರ 1965ರ ಸಂಸ್ಕಾರ ಕಾದಂಬರಿಯಲ್ಲಿದೆ. ವಿಮರ್ಶಕರು ಅಲ್ಲಿನ ಪ್ಲೇಗನ್ನು ಅಗ್ರಹಾರದ ಒಳಗಿನ ಕೊಳೆತದ ಸಂಕೇತವಾಗಿ ಓದಿದ್ದಾರೆ. ಆ ಓದು ಸರಿಯಾದರೂ ಸಾಲದು. ಅಗ್ರಹಾರದ ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದು, ಜ್ವರ ಬಂದು, ಗಡ್ಡೆ ಕಟ್ಟಿ ಸಾಯುತ್ತಾನೆ. ಇಲಿಗಳು ಬೀಳುವುದು, ಹದ್ದುಗಳು ಮನೆಗಳ ಮೇಲೆ ಕೂರುವುದು ಅನಂತರ. ಸಾಮಾನ್ಯವಾಗಿ ಒಂದೂರಿನಲ್ಲಿ ಇಲಿಗಳು ಮೊದಲು ಸತ್ತು ಮನುಷ್ಯರು ಆಮೇಲೆ ಸಾಯುತ್ತಾರೆ. ಆದರೆ ಸೋಂಕನ್ನು ಹೊರಗಿನಿಂದ ತಂದವನ ವಿಷಯದಲ್ಲಿ ಈ ಕ್ರಮ ತಿರುಗುಮುರುಗಾಗುವುದು ಸಹಜ. ಅವನ ಬಟ್ಟೆಬರೆಗಳಲ್ಲಿ ಬಂದ ಚಿಗಟಗಳು ಅಗ್ರಹಾರದ ಇಲಿಗಳಿಗೆ ರೋಗ ದಾಟಿಸಿರಬೇಕೆಂದು ಜೀವಶಾಸ್ತ್ರಜ್ಞ ಊಹಿಸಬಹುದು. ನಾರಣಪ್ಪನ ಹೆಣ ಸುಡುವ ಹಕ್ಕು ಯಾರದೆಂದು ಬ್ರಾಹ್ಮಣರು ಧರ್ಮಶಾಸ್ತ್ರ ತಿರುವುತ್ತಿದ್ದ ದಿನಗಳೆಲ್ಲ ಇಲಿಯಿಂದ ಇಲಿಗೆ ರೋಗ ಹರಡುವ ದಿನಗಳಾಗಿಯೂ ಇದ್ದವೆಂದು ಗ್ರಹಿಸಿದಾಗ, ಕಾದಂಬರಿಯ ವಿಳಂಬಕ್ಕೆ ನೈತಿಕ ಭಾರದ ಜೊತೆಗೆ ಒಂದು ಭೌತಿಕ ಭೀಕರತೆಯೂ ಒದಗುತ್ತದೆ.

ಎಸ್. ಎಲ್. ಭೈರಪ್ಪನವರ 1970ರ ಗೃಹಭಂಗ ಇನ್ನೊಂದು ಬಗೆಯ ಆಧಾರ. ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡ ಲೇಖಕರ ಈ ಕಾದಂಬರಿಯಲ್ಲಿ ಇಲಿ ಬೀಳುವುದು, ಊರಾಚೆ ಶೆಡ್ಡು ಹಾಕುವುದು, ಪಾತ್ರೆಪಡಗ ಸಾಗಿಸುವುದು, ಮತ್ತೆ ಊರಿಗೆ ಮರಳುವುದು ಹಬ್ಬ, ಸುಗ್ಗಿಗಳಂತೆ ವರ್ಷದ ಲಯದಲ್ಲಿ ಬರುತ್ತವೆ. ಮಳೆಗಾಲದ ಕೊನೆಗೆ ಏರಿ ಬೇಸಿಗೆಯಲ್ಲಿ ಇಳಿಯುವ, ದಖ್ಖನ್ ಪ್ಲೇಗಿನ ಋತುಮಾನದ ಬಗ್ಗೆ ಸರ್ಕಾರದ ಪ್ಲೇಗು ಆಯೋಗಗಳು ಕೋಷ್ಟಕಗಳಲ್ಲಿ ಬರೆದದ್ದು, ಮನೆಯ ಹೆಂಗಸಿಗೆ ದುಡಿಮೆಯಾಗಿ ಹೇಗೆ ಒದಗುತ್ತಿತ್ತೆಂಬುದನ್ನು ತಿಳಿಯಲು ಈ ಕಾದಂಬರಿಗಿಂತ ಉತ್ತಮ ಸಾಧನ ಕನ್ನಡದಲ್ಲಿಲ್ಲ. ಕಾದಂಬರಿಯ ನಾಯಕಿ ನಂಜಮ್ಮ ಬೆಳೆದ ಮಕ್ಕಳಾದ ಪಾರ್ವತಿ, ರಾಮಣ್ಣರನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಳ್ಳುವ ಭಾಗದಲ್ಲಿ ಸಂಕೇತಕ್ಕೆ ಎಡೆಯೇ ಇಲ್ಲ.

ಹಳೆಯ ಮೈಸೂರು ಸೀಮೆಯ ಊರೂರಿನ ಪ್ಲೇಗಮ್ಮ, ಪ್ಲೇಗು ಮಾರಮ್ಮನ ಗುಡಿಗಳು ಮೂರನೆಯ ಬಗೆಯ ಆಧಾರ. ಕೋವಿಡ್ ಕಾಲದಲ್ಲಿ ಇವುಗಳ ಮೇಲೆ ಪತ್ರಿಕಾ ಲೇಖನಗಳು ಬಂದರೂ, ಯಾವ ಊರಿನ ಗುಡಿ ಯಾವ ವರ್ಷದ ರೋಗದ ನಂತರದ್ದು, ಹಳೆಯ ಮಾರಿಗುಡಿಗೆ ಹೊಸ ಹೆಸರು ಬಂದದ್ದೇ ಅಥವಾ ಹೊಸದಾಗಿ ಕಟ್ಟಿದ್ದೇ ಎಂಬ ಕ್ರಮಬದ್ಧ ಪಟ್ಟಿ ಅವುಗಳಿಂದ ಹೊರಡಲಿಲ್ಲ. ಮಾಗಡಿ ರಸ್ತೆಯ ಹಳ್ಳಿಗಳಲ್ಲಿ ಈ ಕೆಲಸ ತುರ್ತಿನದು. 1949ರಲ್ಲಿ ಅಸ್ತಿಭಾರ ಹಾಕಿದ ರಾಜಾಜಿನಗರದಿಂದ ಮೊದಲ್ಗೊಂಡು ವಿಜಯನಗರ, ಬಸವೇಶ್ವರನಗರಗಳನ್ನು ದಾಟಿ, ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿಗಳವರೆಗೆ ನಗರ ಹರಡಿದಂತೆ, ಹೊಲಗಳು ನಿವೇಶನಗಳಾಗಿ, ಗ್ರಾಮಠಾಣೆಗಳು ಬಡಾವಣೆಗಳ ನಡುವಿನ ಇಕ್ಕಟ್ಟಾದ ಓಣಿಗಳಾಗಿ ಉಳಿದಿವೆ. ಹೊಲದಲ್ಲಿ ಹಾಕಿದ ಸೋಗೆಯ ಗುಡಿಸಲು ನೆಲದಲ್ಲಿ ಗುರುತು ಬಿಡುವುದಿಲ್ಲ. ಗ್ರಾಮದ ಸರ್ವೆ ನಕ್ಷೆಗಳು, ಗುಡಿಗಳ ಜೀರ್ಣೋದ್ಧಾರದ ಕಲ್ಲುಗಳು, ಹಿರಿಯರು ತಮ್ಮ ಅಜ್ಜಿಯರಿಂದ ಕೇಳಿದ ಮಾತುಗಳು ಮಾತ್ರ ಇದಕ್ಕೆ ಉಳಿದಿರುವ ಸಾಧನಗಳು. ಅವುಗಳಲ್ಲಿ ಕೊನೆಯದು ಪ್ರತಿ ವರ್ಷವೂ ಕಡಿಮೆಯಾಗುತ್ತಿದೆ. ನಾಗರಭಾವಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯೂ, ಅದರ ಪಕ್ಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯೂ ಇರುವಾಗ, ಕೆಲವೇ ಮೈಲಿಗಳ ಆಚೆಯ ಈ ಊರುಗಳ ರೋಗಚರಿತ್ರೆಯನ್ನು ಕನ್ನಡ, ಇತಿಹಾಸ, ಪ್ರಾಣಿಶಾಸ್ತ್ರಗಳ ವಿದ್ಯಾರ್ಥಿಗಳು ಕೂಡಿ ಬರೆಯುವುದಕ್ಕೆ ಅಡ್ಡಿಯೇನೂ ಇರಬಾರದು.

ಅಂತಹ ಅಧ್ಯಯನ ಕೈಗೊಳ್ಳುವವರು ಮೊದಲು ನೋಡಬೇಕಾದದ್ದು ಊರಿನ ಲೆಕ್ಕದ ಪುಸ್ತಕಗಳನ್ನು. ಪ್ಲೇಗಿನ ಸಾವುಗಳ ಬಗ್ಗೆ ಸರ್ಕಾರಿ ವರದಿಗಳು ಕೊಡುವ ಅಂಕಿಗಳು ಆಯೋಗದಲ್ಲಿ ಹುಟ್ಟಿದವಲ್ಲ. ಪಟೇಲ, ಶಾನುಭೋಗರು ಹಳ್ಳಿಯಲ್ಲಿ ಬರೆದು ತಾಲೂಕಿಗೆ ಕಳಿಸಿದ ಲೆಕ್ಕಗಳಿಂದ ಕೂಡಿದವು. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಗೊಳಿಸಿದಾಗ, ಹಲವು ಮನೆಗಳ ಕಡತಗಳು ಅಟ್ಟದಲ್ಲಿಯೇ ಉಳಿದವು. ಗೃಹಭಂಗದಲ್ಲಿ ಗಂಡನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನು ದೀಪದ ಬೆಳಕಿನಲ್ಲಿ ಕುಳಿತು ಬರೆಯುವವಳು ನಂಜಮ್ಮ. ಜಮಾಬಂದಿಗೆ ಹೋಗುವ ಕಾಗದದಲ್ಲಿ ಅವಳ ಹೆಸರಿರುವುದಿಲ್ಲ. ಪ್ಲೇಗಿನ ವರ್ಷಗಳ ಗ್ರಾಮಲೆಕ್ಕಗಳನ್ನು ಓದುವಾಗ, ಅವುಗಳ ಅಕ್ಷರ ಯಾರದು, ಬರೆದವರ ಮನೆಯಲ್ಲಿ ಆ ವರ್ಷ ಏನಾಗಿತ್ತು, ಊರು ಬಿಟ್ಟಿದ್ದ ತಿಂಗಳುಗಳಲ್ಲಿ ಲೆಕ್ಕ ಬರೆದವರಾರು, ಶೆಡ್ಡಿನಲ್ಲಿ ಸತ್ತವರನ್ನು ಯಾವ ಗ್ರಾಮದ ಪಟ್ಟಿಗೆ ಸೇರಿಸಲಾಯಿತು ಎಂಬ ಪ್ರಶ್ನೆಗಳನ್ನು ಕೇಳಲು ಸಾಹಿತ್ಯದ ಓದು ಕಲಿಸುತ್ತದೆ. ಉತ್ತರಗಳನ್ನು ಕಡತಗಳಲ್ಲಿಯೇ ಹುಡುಕಬೇಕಾಗುತ್ತದೆ.